ಹಕ್ಕಿಗೊಂದು ಟೆಸ್ಟರು, ಮೊಲಕ್ಕೊಂದು ಏಕಾದಶಿ

ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ ನನ್ನದೊಂದು ಪ್ರಾಣಿ ಚಿಕಿತ್ಸಾಲಯ. ಮೊಲ, ಇಲಿಯಂಥ ಹ್ಯಾಮ್‌ಸ್ಟರ್, ಹಕ್ಕಿಗಳ ಗಡ್ಡೆಗೆ ಔಷಧಿಯ ಜೊತೆ ಕರೆಂಟು ಕೊಡುತ್ತೇನೆ. ಪ್ರಾಣಿಗೆ ಅರಿವಳಿಕೆ ಕೊಟ್ಟು, ಔಷಧಿ ಚುಚ್ಚಿ, ಗಡ್ಡೆಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ವಿದ್ಯುತ್ ಹಾಯಿಸಿದರೆ, ಅದರ ಜೀವಕೋಶಗಳ ಬಾಗಿಲು ತೆರೆದು ಔಷಧಿ ಒಳಗೆ ನುಗ್ಗುತ್ತದೆ. ಇಷ್ಟೇ ವಿಷಯ. ಆದರೆ 'ಕರೆಂಟು' ಎಂದ ಕೂಡಲೇ ನಮ್ಮ ಜನಕ್ಕೆ ಏನೇನೋ ಹೊಳೆಯುತ್ತದೆ, ನನ್ನ ದಿನವೂ ನಗುತ್ತಾ ಕಳೆಯುತ್ತದೆ.

ತಂತಿ ಮೇಲಿನ ಪ್ರಶ್ನೆ

ಕಲ್ಯಾಣದಿಂದ ಒಬ್ಬರು ಕಾಕಟೀಲ್ ಹಕ್ಕಿ ತಂದರು. ಹುಬ್ಬಳ್ಳಿ ಕಡೆಯವರು, ನಿವೃತ್ತ ಎಲೆಕ್ಟ್ರಿಷಿಯನ್. ಹಕ್ಕಿಯ ರೆಕ್ಕೆಯ ಮೇಲೆ ಗಡ್ಡೆ. ನಾನು ವಿವರಿಸಿದ್ದನ್ನೆಲ್ಲ ಕೇಳಿ ತಲೆ ಕೆರೆದುಕೊಂಡರು.

"ಡಾಕ್ಟರಮ್ಮಾರ, ಹಕ್ಕಿ ದಿನಾ ತಂತಿ ಮ್ಯಾಲೆ ಕುಂದರತೈತಿ, ಏನೂ ಆಗಂಗಿಲ್ಲ. ನಿಮ್ಮ ಕರೆಂಟ್ ಅದಕ್ಕ ಹೆಂಗ ತಾಗತೈತ್ರಿ?"

ಪ್ರಶ್ನೆ ನನಗೆ ಬಹಳ ಹಿಡಿಸಿತು. ಎರಡು ಸೂಜಿಗಳನ್ನು ತೋರಿಸಿ, "ಗಡ್ಡೆಯ ಈ ಕಡೆ ಒಂದು, ಆ ಕಡೆ ಒಂದು. ನಡುವೆ ಇರುವುದಕ್ಕೆ ಮಾತ್ರ ತಾಗುತ್ತದೆ" ಎಂದೆ. ಅವರು ತೃಪ್ತಿಯಿಂದ ತಲೆಯಾಡಿಸಿದರು. ಎಲ್ಲ ಮುಗಿದು ಹಕ್ಕಿಯನ್ನು ಕೊಡಲು ಹೊರಗೆ ಬಂದರೆ, ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಟೆಸ್ಟರ್ ಹಿಡಿದು ನಿಂತಿದ್ದಾರೆ!

"ನಿಮ್ಮ ಮ್ಯಾಲೆ ನಂಬಿಗಿ ಐತ್ರಿ," ಎಂದರು, "ಕರೆಂಟಿನ ಮ್ಯಾಲೆ ಇಲ್ಲ."

ಅಲುಗಾಡುವ ಊಟ

ದಿವಾದಿಂದ ದಿನವೂ ಬೇಲಾಪುರದ ಆಫೀಸಿಗೆ ಹೋಗುವ ಒಬ್ಬರು, ದಾರಿಯಲ್ಲೇ ಠಾಣೆಯಲ್ಲಿಳಿದು ಮಗಳ ಹ್ಯಾಮ್‌ಸ್ಟರನ್ನು ನನಗೆ ಒಪ್ಪಿಸಲು ಬಂದರು. ಅದರ ಒಂದು ಕೆನ್ನೆಯ ಮೇಲೆ ಗಡ್ಡೆಯಂತೆ. ಗಂಟೆಗಟ್ಟಲೆ ಸರದಿ ಕಾದು, ಲೋಕಲ್ ರೈಲಿನ ನೂಕಾಟದಲ್ಲಿ ಎದೆಗವಚಿಕೊಂಡು ತಂದ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಚಪಾತಿ, ಬದನೆಕಾಯಿ ಪಲ್ಯ.

ಗಾಬರಿಯಿಂದ ಮನೆಗೆ ಫೋನ್ ಮಾಡಿದರೆ ಹೆಂಡತಿ, "ಊಟದ ಚೀಲ ಮರೆತು ಹೋಗಿದ್ದೀರಲ್ರೀ! ಪಕ್ಕದ ಮನೆಯವರ ಕೈಲಿ ನಿಮ್ಮ ಆಫೀಸಿಗೇ ಕಳಿಸಿದೀನಿ" ಎಂದರು. ಅಷ್ಟರಲ್ಲಿ ಆಫೀಸಿನಿಂದಲೇ ಕರೆ ಬಂತು: "ಸಾಬ್, ಆಪ್‌ಕಾ ಖಾನಾ ಹಿಲ್ ರಹಾ ಹೈ!" ಊಟ ಅಲುಗಾಡುತ್ತಿದೆ ಎಂದದ್ದೇ ಮನುಷ್ಯ ಚಪಾತಿಯನ್ನು ನನ್ನ ಮೇಜಿನ ಮೇಲೇ ಬಿಟ್ಟು ಓಡಿದರು.

ಸಂಜೆ ಹ್ಯಾಮ್‌ಸ್ಟರ್ ಬಂತು. ನೋಡಿದರೆ ಎರಡೂ ಕೆನ್ನೆ ಊದಿದೆ! ಗಡ್ಡೆ ಆ ಕಡೆಗೂ ಹಬ್ಬಿತೇ ಎಂದು ಅದನ್ನು ದೀಪದ ಕೆಳಗೆ ಹಿಡಿದೆ. ಮೆಲ್ಲಗೆ ಬಾಯಿ ಬಿಡಿಸಿ ನೋಡಿದೆ. ಗಡ್ಡೆಯಿಲ್ಲದ ಕೆನ್ನೆಯ ಚೀಲದ ತುಂಬ, ಆಫೀಸಿನವರೆಲ್ಲ ಸರದಿಯಲ್ಲಿ ನಿಂತು ತಿನ್ನಿಸಿದ್ದ ಶೇಂಗಾ.

ಭಕ್ತ ಮೊಲ

ಡೊಂಬಿವಲಿಯ ಉಡುಪಿ ಮೂಲದ ಅಜ್ಜಿಯ ಮೊಲಕ್ಕೆ ಹಿಂಗಾಲಿನಲ್ಲಿ ಗಡ್ಡೆ. ಕಾಲನ್ನೇ ತೆಗೆಯಬೇಕು ಎಂದು ಯಾರೋ ಹೇಳಿದ್ದರಿಂದ ಹೆದರಿ, ಮಗನನ್ನು ಹೊರಡಿಸಿಕೊಂಡು ನನ್ನಲ್ಲಿಗೆ ಬಂದಿದ್ದರು. ಅಜ್ಜಿ ಮಹಾ ಮಡಿ. ನಮ್ಮ ಕುರ್ಚಿ ಮುಟ್ಟದೆ, ತಾವೇ ತಂದ ಚಾಪೆಯ ಮೇಲೆ ಕುಳಿತರು.

ಚಿಕಿತ್ಸೆ ಸಲೀಸಾಗಿ ಆಯಿತು. ತೊಂದರೆ ಶುರುವಾದದ್ದು ಆಮೇಲೆ. ಎಚ್ಚರವಾದ ಮೊಲ ಬೇಗ ತಿನ್ನಬೇಕು, ಹಿಕ್ಕೆ ಹಾಕಬೇಕು. ಇಲ್ಲದಿದ್ದರೆ ಕರುಳು ನಿಂತು ಪ್ರಾಣಕ್ಕೇ ಸಂಚಕಾರ. ಇದು ಹುಲ್ಲು ಮೂಸಲಿಲ್ಲ, ಕೊತ್ತಂಬರಿ ಸೊಪ್ಪಿನ ಕಡೆ ತಿರುಗಲೂ ಇಲ್ಲ. ನನಗೆ ನಿಜಕ್ಕೂ ಭಯವಾಯಿತು.

"ಮನೆಯಲ್ಲಿ ಹೇಗೆ ತಿನ್ನುತ್ತದೆ?" ಎಂದು ಮಗನನ್ನು ಕೇಳಿದೆ.

"ಅಮ್ಮ ಊಟಕ್ಕೆ ಕೂತ್ರೆ ಪಕ್ಕದಲ್ಲೇ ಕೂತು ತಿಂತದೆ. ಏಕಾದಶಿ ದಿನ ಮಾತ್ರ ಅದೂ ಅಷ್ಟಾಗಿ ಮುಟ್ಟುದಿಲ್ಲ. ಭಾರೀ ಭಕ್ತ ಮಾರಾಯ್ರೆ ಅದು!"

"ಇವತ್ತು?"

"ಏಕಾದಶಿಯೇ."

ನನಗೆ ಗುಟ್ಟು ಹೊಳೆಯಿತು. ಭಕ್ತಿಯೂ ಇಲ್ಲ, ಗಿಕ್ತಿಯೂ ಇಲ್ಲ. ಪಕ್ಕದಲ್ಲಿ ಅಜ್ಜಿ ಅಗಿಯುವ ಸದ್ದು ಕೇಳದೆ ಇದಕ್ಕೆ ತುತ್ತು ಇಳಿಯುವುದಿಲ್ಲ!

"ಅಜ್ಜಿ, ಇದರ ಜೀವಕ್ಕಾಗಿ ಒಂದು ತುತ್ತು ತಿನ್ನಿ."

"ಇವತ್ತಾ? ನೀರೂ ಮುಟ್ಟುದಿಲ್ಲ ನಾನು," ಎಂದರು ಅಜ್ಜಿ. ಮುದುಡಿ ಕುಳಿತ ಮೊಲವನ್ನು ನೋಡಿದರು. ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು, "ತಾ ಅವನನ್ನು ಇಲ್ಲಿ" ಎಂದು ಪಕ್ಕಕ್ಕೆ ಕೂರಿಸಿಕೊಂಡು, ಬರಿಯ ಬಾಯನ್ನೇ ಅಗಿಯುತ್ತಾ ಊಟ ಶುರುಮಾಡಿದರು.

ಮೊದಲು ಕೋಸಂಬರಿ, ಕಟಕಟ. ಹಪ್ಪಳ, ಕರುಂಕುರುಂ. ಸಾರಿಗೆ ಬಂದು ಸೊರ್ರೆಂದು ಹೀರಿದ್ದೇ ಮೊಲ ಕಿವಿ ನಿಮಿರಿಸಿತು.

"ಅಮ್ಮ, ಉಪವಾಸ ಕೆಡುದಿಲ್ವಾ?" ಎಂದ ಮಗ.

"ಗಾಳಿ ತಿಂದ್ರೆ ಎಂತ ಕೆಡುದು? ಸುಮ್ಮನಿರು, ಪಾಯಸ ಬಾಕಿ ಉಂಟು."

ಪಾಯಸದ ಹೊತ್ತಿಗೆ ಮೊಲ ಕೊತ್ತಂಬರಿಗೆ ಬಾಯಿ ಹಾಕಿತು. ಮಜ್ಜಿಗೆ ಮುಗಿಯುವಾಗ ಕಟ್ಟು ಖಾಲಿ. ಅಜ್ಜಿ ಅದನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡು ಮೈ ಸವರುತ್ತಿದ್ದಂತೆ, ನಾನು ದೇವರಲ್ಲಿ ಬೇಡುತ್ತಿದ್ದ ಹಿಕ್ಕೆಗಳು ಅವರ ಮಡಿ ಸೀರೆಯ ಮೇಲೆ ಒಂದೊಂದಾಗಿ ಉದುರಿದವು. ನನಗೆ ಕುಣಿಯುವಷ್ಟು ಖುಷಿ. ಆದರೂ ಅಜ್ಜಿಯ ಮಡಿ ನೆನಪಾಗಿ, ಹತ್ತಿ ಹಿಡಿದು ಒರೆಸಲು ಓಡಿದೆ.

"ಅಯ್ಯೋ ಅಜ್ಜಿ, ಮೈಲಿಗೆ ಆಯ್ತಲ್ಲ!"

"ಎಂತ ಮೈಲಿಗೆ? ಹುಲ್ಲು, ಸೊಪ್ಪು, ತುಳಸಿ ಬಿಟ್ಟು ಬೇರೆ ತಿಂದವನಲ್ಲ ಅವನು," ಎಂದು ಅಜ್ಜಿ ಸೀರೆಯನ್ನು ಹಿಂದಕ್ಕೆಳೆದುಕೊಂಡರು. "ನೀನು ಸ್ವಲ್ಪ ದೂರ ನಿಲ್ಲು. ಬೆಳಿಗ್ಗೆಯಿಂದ ಏನೇನು ಮುಟ್ಟಿದ್ದೀಯೋ!"