ಗಾಳಿ ಹೊಕ್ಕ ವಾರ್ಡು

ಆಸ್ಪತ್ರೆ ಅಂದರೆ ರೋಗ ಬಿಟ್ಟು ಬರುವ ಜಾಗ ಅಂತ ನಾನು ತಿಳಿದಿದ್ದೆ. ಹೊಸದೊಂದನ್ನು ಕಟ್ಟಿಕೊಂಡೂ ಬರಬಹುದು ಅನ್ನುವುದು, ಅಕ್ಕನನ್ನು ಅಲ್ಲಿ ಸೇರಿಸಿದ ಮೇಲೆ ದಿನವೂ ಒಂದಿಲ್ಲೊಂದು ರೀತಿಯಲ್ಲಿ ಗೊತ್ತಾಗತೊಡಗಿತು.

ಅಣ್ಣಿಗೇರಿಯಲ್ಲಿ ನನ್ನದು ಕಿರಾಣಿ ಅಂಗಡಿ. ಬೆಲ್ಲವನ್ನು ಬೆರಳಿಂದ ಒತ್ತಿ ನೋಡದೆ, ಶೇಂಗಾ ನಾಲ್ಕು ಬಾಯಿಗೆ ಹಾಕಿಕೊಳ್ಳದೆ ಯಾವ ಗಿರಾಕಿಯೂ ಕಟ್ಟೆ ಇಳಿಯುವುದಿಲ್ಲ. ಮಂದಿ ಏನೇನು ಮುಟ್ಟುತ್ತಾರೆ ಅನ್ನುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಆದರೂ ಆ ವಾರ್ಡಿನಲ್ಲಿ ನಾನು ದಂಗುಬಡಿದು ನಿಂತೆ.

ಅಕ್ಕನಿಗೆ ಮೊದಲೇ ದಮ್ಮಿನ ತ್ರಾಸು. ಎದೆಯಲ್ಲಿ ಕಫ ಕಟ್ಟಿ ಮಲಗಿದ್ದಳು. ಬಾಜೂ ಕಾಟಿನ ಮೇಲೆ, ಅಂದರೆ ಪಕ್ಕದ ಮಂಚದಲ್ಲಿ, ಮೊರಬ ಊರಿನ ಒಬ್ಬ ಸೊಸೆ. ವೈರಸ್ ಜ್ವರ, ನಿಲ್ಲದ ಕೆಮ್ಮು. ಬೇರೆ ಕಾಟು ಖಾಲಿ ಇರಲಿಲ್ಲ. ಇಬ್ಬರ ನಡುವೆ ಇದ್ದದ್ದು ಒಂದು ಹಸಿರು ಪರದೆ ಮಾತ್ರ, ಅದರಲ್ಲೂ ತೂತು.

ವಾರ್ಡಿನ ಲೇಡಿ ಡಾಕ್ಟರು, ಎಲ್ಲರೂ ‘ಡಾಕ್ಟರ್ ಬಾಯಿ’ ಅನ್ನುವವರು, ನನ್ನನ್ನು ಹೊರಗೆ ಕರೆದು ಹೇಳಿದರು: “ಆ ಜ್ವರ ನಿಮ್ಮ ಅಕ್ಕಾರಿಗೆ ಹತ್ತಿದ್ರ ತಡಕೊಳ್ಳೂದು ಕಷ್ಟ ಐತ್ರಿ. ಕಾಟಿನ ಸರಳು, ಬಾಗಲದ ಹಿಡಿಕಿ, ಎಲ್ಲಾ ಸ್ವಚ್ಛ ಇರಬೇಕು. ನೀವೂ ಲಕ್ಷ್ಯ ಇಡ್ರಿ.”

ಇಡೋಣ, ಅದೇನು ದೊಡ್ಡ ಮಾತು ಅಂದುಕೊಂಡೆ.

ವಾಸನೆ

ಅಂಗಡಿಯಿಂದಲೇ ಫಿನೈಲ್ ಡಬ್ಬಿ ತಂದು ವಾರ್ಡಿನ ಆಯಾಳ ಕೈಗೆ ಕೊಟ್ಟೆ. ಆಕೆ ಬಲು ಖುಷಿಯಿಂದ ಇಸಿದುಕೊಂಡು, ಅರ್ಧ ಡಬ್ಬಿಯನ್ನು ಹೊಸ್ತಿಲಿಗೇ ಸುರಿದಳು. ಆಮೇಲೆ ಒಂದು ಒಣ ಅರಿವೆಯಿಂದ ಪಾಯಿಖಾನೆಯ ಚಿಲಕ ಒರೆಸಿದಳು. ಅದೇ ಅರಿವೆಯಿಂದ ಬಾಗಿಲ ಹಿಡಿಕೆ ಒರೆಸಿದಳು. ಅದೇ ಅರಿವೆ ಹಿಡಿದು ಅಕ್ಕನ ಕಾಟಿನ ಕಡೆ ಹೊರಟಾಗ ನಾನು ಅಡ್ಡ ನಿಂತೆ.

“ಯವ್ವಾ, ಫಿನೈಲ್ ಬರೇ ಹೊಸ್ತಿಲಕ್ಕ ಸುರದಿ. ಒಳಗ?”

“ಹೊಸ್ತಿಲದಾಗ ವಾಸನಿ ಬಂದ್ರ ಸಾಕ್ರಿ ಸಾವಕಾರ್ರ. ತಪಾಸಣಿಗೆ ಬರೂ ಸಾಹೇಬ್ರು ಅಲ್ಲೇ ನಿಂತು ಮೂಸಿ, ಬೇಷ್ ಅಂದು ಹೋಗ್ತಾರ.”

“ಮತ್ತ ವೈರಸ್?”

“ಅದೇನ್ ತಪಾಸಣಿಗೆ ಬರತೈತೇನ್ರಿ?”

ಅವತ್ತಿನಿಂದ ಕಾಟಿನ ಸರಳು ಒರೆಸುವ ಕೆಲಸ ನನ್ನ ಪಾಲಿಗೆ ಬಂತು.

ಕೈ

ಸರಳೇನೋ ಒರೆಸಬಹುದು. ಮಂದಿಯ ಕೈಗೆ ಏನು ಮಾಡುವುದು?

ಮೊರಬದ ಸೊಸೆಯ ಜೋಡಿ ಉಳಿದವಳು ಅವಳ ಅತ್ತೆ. ಗಟ್ಟಿ ಹೆಂಗಸು. ಸೊಸೆಯ ಮೂಗನ್ನು ಸೆರಗಿನಿಂದ ಒರೆಸಿದವಳೇ ಪರದೆ ಸರಿಸಿ ಈಚೆ ಬಂದು, ಅದೇ ಕೈಯನ್ನು ನನ್ನ ಅಕ್ಕನ ಹಣೆಯ ಮೇಲೆ ಇಟ್ಟಳು. ನಾನು ನಡುವೆ ಕೈ ಚಾಚಿದೆ.

“ಅವ್ವಾರ, ಮುಟ್ಟಬ್ಯಾಡ್ರಿ.”

“ಯಾಕ್ರಿ? ಬಾಜೂ ಕಾಟಿನಾಕಿಗೆ ಜ್ವರ ಐತೋ ಇಲ್ಲೋ ನೋಡಬಾರದನು? ನಾವೇನ್ ಮನಷ್ಯಾರಲ್ಲನು?”

ಮೋರೆ ಬಾಡಿಸಿಕೊಂಡು ಮುಂದಿನ ಕಾಟಿಗೆ ಹೋದಳು. ಅಲ್ಲಿಂದ ಅದರ ಮುಂದಿನದಕ್ಕೆ. ಒಂದು ಹಣೆಯನ್ನೂ ಬಿಡಲಿಲ್ಲ. ಥರ್ಮಾಮೀಟರನ್ನಾದರೆ ನರ್ಸು ಸ್ಪಿರಿಟ್ ಹಚ್ಚಿ ಒರೆಸಿ ಮುಂದಿನವರ ಬಾಯಿಗೆ ಇಡುತ್ತಾಳೆ. ಇಲ್ಲಿ ಒರೆಸುವವರು ಯಾರು? ನಾನೇ ಸ್ಯಾನಿಟೈಸರ್ ಬಾಟಲಿ ಹಿಡಿದು ಬೆನ್ನು ಹತ್ತಿ, ಆಕೆಯ ಅಂಗೈಗೆ ಧಾರಾಳವಾಗಿ ಹಾಕಿದೆ.

ಆಕೆ ಮೂಸಿ ನೋಡಿದಳು. ಕೆಳಗೆ ಕೂತು, ಸೀರೆ ತುಸು ಮೇಲೆತ್ತಿ, ಅಷ್ಟನ್ನೂ ಮೊಣಕಾಲಿಗೆ ತಿಕ್ಕಿಕೊಂಡಳು.

“ಅಗದಿ ತಂಪಾತ್ರಿ. ಈ ಕಾಲಿಗೂ ಒಂದೀಟ ಹಾಕ್ರಿ.”

ಮಾಸ್ಕು

ಮಾಸ್ಕು ಇಲ್ಲದವರನ್ನು ಒಳಗೆ ಬಿಡಬಾರದು ಅಂತ ಬಾಗಿಲಲ್ಲಿ ನರ್ಸನ್ನು ನಿಲ್ಲಿಸಿದರು. ಈಗ ಚಿಂತೆ ಇಲ್ಲ ಅಂತ ನಾನು ಉಸಿರು ಬಿಟ್ಟೆ.

ಮೊರಬದಿಂದ ಒಂದು ಟ್ರ್ಯಾಕ್ಟರ್ ಮಂದಿ ಸೊಸೆಯನ್ನು ನೋಡಲು ಬಂದರು. ಒಬ್ಬೊಬ್ಬರಾಗಿ, ಮುಖಕ್ಕೆ ಮಾಸ್ಕು ಹಾಕಿಕೊಂಡು, ಶಿಸ್ತಿನಿಂದ ಒಳಗೆ ಹೋದರು. ಎಲ್ಲರ ಮಾಸ್ಕಿನ ಮೇಲೂ ಒಂದೇ ಜಾಗದಲ್ಲಿ ಎಲೆಅಡಿಕೆಯ ಕಲೆ ಕಂಡಾಗ ನನಗೆ ಸಂಶಯ ಬಂತು. ಮೂಲೆಗೆ ಹೋಗಿ ನೋಡಿದರೆ, ಹೊರಗೆ ಬಂದವನು ಬಿಚ್ಚಿ ಒಳಗೆ ಹೋಗುವವನಿಗೆ ಕೊಡುತ್ತಿದ್ದಾನೆ. ಇಡೀ ಟ್ರ್ಯಾಕ್ಟರಿಗೆ ಒಂದೇ ಮಾಸ್ಕು.

ಸೊಸೆಯ ಮಾವ ಅದನ್ನು ಕಿವಿಗೆ ಸಿಗಿಸಿಕೊಳ್ಳುತ್ತಿದ್ದ. “ಏನ್ರಿ ಯಜಮಾನ್ರ, ಒಬ್ಬರ ಬಾಯಾಗಿಂದು ಇನ್ನೊಬ್ಬರ ಬಾಯಿಗೆ?” ಅಂದೆ.

ಆತ ನನ್ನನ್ನು ದಡ್ಡನನ್ನು ನೋಡಿದ ಹಾಗೆ ನೋಡಿದ. “ನಮಗೂ ಅಷ್ಟು ತಿಳೀತೈತ್ರಿ ಸಾವಕಾರ್ರ. ಒಬ್ಬರು ಹಾಕ್ಕೊಂಡದ್ದನ್ನ ಹಂಗ ಹಾಕ್ಕೋತೀವೇನು? ಹೊರಳಿಸಿ ಹಾಕ್ಕೋತೀವಿ.”

ಗಾಳಿ

ಇದನ್ನೆಲ್ಲ ಡಾಕ್ಟರ್ ಬಾಯಿಯ ಕಿವಿಗೆ ಹಾಕಿದೆ. ಅವರು ಅತ್ತೆಯನ್ನು ನಿಲ್ಲಿಸಿಕೊಂಡು ತಿಳಿಸಿ ಹೇಳಿದರು: “ಸೋಂಕು ಗಾಳಿಯೊಳಗ ಐತ್ರಿ. ಕಣ್ಣಿಗೆ ಕಾಣೂದಿಲ್ಲ. ಮುಟ್ಟಿದವರಿಗೆ ಬರತೈತಿ. ಹುಷಾರ್ ಇರ್ರಿ.”

ನಮ್ಮ ಕಡೆ ಗಾಳಿ ಅಂದರೆ ಬೀಸುವುದೊಂದು, ದೆವ್ವವಾಗಿ ಬಡಿಯುವುದೊಂದು. ಡಾಕ್ಟರ್ ಬಾಯಿ ಹೇಳಿದ್ದು ಬೀಸುವುದನ್ನು. ಅತ್ತೆ ಕೇಳಿಸಿಕೊಂಡದ್ದು ಬಡಿಯುವುದನ್ನು.

ಮರುದಿನ ಮುಂಜಾನೆ ನಾನು ಬರುವಷ್ಟರಲ್ಲಿ ವಾರ್ಡಿನ ಕಿಟಕಿಯೆಲ್ಲ ಬಂದ್. ಸಂದಿಗೆ ಹಳೆ ಪೇಪರ್ ತುರುಕಿತ್ತು. ಬಾಗಿಲಿಗೆ ನಿಂಬೆಹಣ್ಣು ತೂಗುತ್ತಿತ್ತು, ಒಳಗೆ ಲೋಬಾನದ ಹೊಗೆ. ಅಕ್ಕ ಎದ್ದು ಕೂತು, ಉಸಿರು ಸಿಗದೆ, ಕಿಟಕಿಯ ಕಡೆ ಬರೇ ಕೈ ತೋರಿಸುತ್ತಿದ್ದಳು. ತೆರೆಯಲು ಓಡಿದರೆ ಅತ್ತೆ ಅಡ್ಡ ನಿಂತಳು.

“ತೆರೀಬ್ಯಾಡ್ರಿ, ಗಾಳಿ ಐತಿ.”

“ಅವ್ವಾರ, ಅದು ಆ ಗಾಳಿ ಅಲ್ರಿ.”

“ಕಣ್ಣಿಗೆ ಕಾಣೂದಿಲ್ಲ ಅಂದ್ರು. ಮುಟ್ಟಿದವರಿಗೆ ಬರತೈತಿ ಅಂದ್ರು. ಗುಳಿಗಿ ಕೇಳಿದ್ರ, ತಾನ ಬಿಟ್ಟು ಹೋಗ್ತೈತಿ ಅಂದ್ರು. ಮತ್ತ ಗಾಳಿಗೆ ಕೋಡು ಇರ್ತಾವೇನ್ರಿ?”

ತಿಳಿಸಿ ಹೇಳುತ್ತ ನಿಲ್ಲುವಷ್ಟು ಹೊತ್ತು ಅಕ್ಕನ ಉಸಿರು ಕಾಯುವಂತಿರಲಿಲ್ಲ. ಗಿರಾಕಿ ಏನು ಕೇಳುತ್ತಾನೋ ಅದನ್ನೇ ಕೊಟ್ಟು ಕಳಿಸುವುದು ನನ್ನ ಕಸುಬು.

“ಖರೇ ಐತ್ರಿ,” ಅಂದೆ. “ಒಳಗ ಹೊಕ್ಕಿದ್ದು ಹೊರಗ ಹೋಗಬೇಕಲ್ಲ? ಎಲ್ಲಾ ಮುಚ್ಚಿದ್ರ ಯಾ ದಾರೀಲೆ ಹೋಗಬೇಕದು? ಅದು ನಿಮ್ಮ ಸೊಸಿ ಬಾಜೂಕನ ಕುಂದರ್ತೈತಿ.”

ಆಕೆ ಸೊಸೆಯ ಕಾಟಿನ ಕಡೆ ಹೊರಳಿ ನೋಡಿದಳು. ಆಮೇಲೆ ಕಿಟಕಿಯ ಬಾಗಿಲುಗಳನ್ನು ತಾನೇ ಧಡಾಧಡ ತೆರೆದಳು. ಹೊಗೆ ಹೊರಗೆ ಹೋಯಿತು. ಅಕ್ಕನಿಗೆ ಉಸಿರು ಬಂತು. ನನಗೂ ಬಂತು.

ವ್ಯಾಪಾರ ಕುದುರಿದಾಗಲೇ ಇನ್ನಷ್ಟು ಮಾಲು ತೋರಿಸಬೇಕು. “ಸಬಕಾರ ಹಚ್ಚಿ ತೊಳದ ಕೈ ಅಂದ್ರ ಅದಕ್ಕ ಆಗಿಬರೂದಿಲ್ರಿ,” ಅಂದೆ. “ಒಬ್ಬರ ಮಾಸ್ಕಿಗೆ ಹತ್ತಿದ್ದು, ಹೊರಳಿಸಿದ್ರೂ ಬಿಡೂದಿಲ್ಲ.”

ಆಮೇಲೆ ಆ ವಾರ್ಡನ್ನು ನೋಡಬೇಕಿತ್ತು. ಅತ್ತೆ ಬಾಗಿಲಲ್ಲಿ ನಿಂತಳು. “ಲೇ, ಕೈ ತೊಳಕೊಂಡ ಬಾ. ಕಾಟಿನ ಮ್ಯಾಲ ಕುಂದರಬ್ಯಾಡ, ಗಾಳಿ ಐತಿ.” ಟ್ರ್ಯಾಕ್ಟರ್ ಮಂದಿ ತಲೆಗೊಂದು ಮಾಸ್ಕು ಕೊಂಡರು. ಆಯಾ ಕೂಡ ಕಾಟಿಗೊಂದು ಅರಿವೆ ಬದಲಿಸಿದಳು, ಪಾಯಿಖಾನೆಗೆ ಬೇರೆಯೇ ಇಟ್ಟಳು. ಡಾಕ್ಟರ್ ಬಾಯಿ ನಳದ ಮುಂದೆ ಕೈ ತೊಳೆಯಲು ನಿಂತ ಮಂದಿಯ ಪಾಳಿ ನೋಡಿ, ಬಾಗಿಲ ನಿಂಬೆಹಣ್ಣು ನೋಡಿ, “ಇದನ್ನೆಲ್ಲಾ ಯಾರ್ ಹೇಳಿಕೊಟ್ರು?” ಅಂದರು.

“ನೀವ ಹೇಳಿದ್ರಲ್ರಿ,” ಅಂದಳು ಅತ್ತೆ.

ಅವರು ನನ್ನ ಮೋರೆ ನೋಡಿದರು, ನಿಂಬೆಹಣ್ಣನ್ನು ಬಿಚ್ಚಿಸದೆ ಮುಂದಿನ ಕಾಟಿಗೆ ಹೋದರು.

ಸೊಸೆಯ ಜ್ವರ ಇಳಿಯಿತು. ಅಕ್ಕನಿಗೆ ಅದು ಹತ್ತಲೇ ಇಲ್ಲ. ಮನೆಗೆ ಕರೆದುಕೊಂಡು ಬಂದೆ.

ಮೊನ್ನೆ ಅದೇ ಆಯಾ ಅಂಗಡಿಗೆ ಬಂದಿದ್ದಳು. “ಆಸ್ಪತ್ರಿಗೆ ಬೇಕಾಗೈತ್ರಿ ಸಾವಕಾರ್ರ. ಫಿನೈಲ್, ಬ್ಲೀಚಿಂಗ್ ಪುಡಿ, ಸಬಕಾರ.” ಎಲ್ಲ ಕಟ್ಟಿಕೊಟ್ಟೆ. ಆಕೆ ಚೀಲ ಎತ್ತಲಿಲ್ಲ.

“ಒಂದ್ ಡಜನ್ ಲಿಂಬಿಹಣ್ಣೂ ಹಾಕ್ರಿ.”

“ಶರಬತ್ತು ಮಾಡ್ತೀರೇನು?”

“ಇಲ್ರಿ. ಉಳಿದ ವಾರ್ಡಿನ್ಯಾಗ ಮಂದಿ ಕೈ ತೊಳೀವಲ್ರು ಅಂತ, ಡಾಕ್ಟರ್ ಬಾಯಾರ ತರಾಕ ಹೇಳ್ಯಾರ.”