ಗೋಡೆಗೆ ಗುಟ್ಟು ಹೇಳಿದ ಮಾವ

ನಮ್ಮ ಸೋದರಮಾವನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತಿರಲಿಲ್ಲ. ನಿಮ್ಮ ಮಾವನ ಹೊಟ್ಟೆಯಲ್ಲೂ ನಿಲ್ಲುವುದಿಲ್ಲ ಅನ್ನುತ್ತೀರಾ? ಇರಬಹುದು. ಆದರೆ ನಿಮ್ಮ ಮಾವ ಗುಟ್ಟನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದಾರೆಯೇ?

ತೊಣ್ಣೂರಿನಲ್ಲಿ ಅವರದು ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಯಾವ ಮೋಟರಿಗೆ ಎಷ್ಟು ದಪ್ಪದ ತಂತಿ, ಎಷ್ಟು ಸುತ್ತು ಎಂಬ ಲೆಕ್ಕವೇ ಈ ಕಸುಬಿನವರ ಪ್ರಾಣ. ನಾಗಮಂಗಲದ ಒಬ್ಬ ಮೆಕ್ಯಾನಿಕ್ಕು ಆ ಲೆಕ್ಕ ಬರೆದ ಪುಸ್ತಕವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದನಂತೆ. ನಮ್ಮ ಮಾವ ಮಾತ್ರ ಎಲ್ಲವನ್ನೂ ಅಂಗಡಿಯ ಗೋಡೆಯುದ್ದಕ್ಕೂ ನೀಲಿ ಬಣ್ಣದಲ್ಲಿ ಬರೆದಿಟ್ಟಿದ್ದರು! ಪಟ್ಟಿಯಲ್ಲಿ ಒಂದೇ ಒಂದು ಸಾಲು ಖಾಲಿ. ಅದು ರೈತರೆಲ್ಲ 'ಮುದುಕಪ್ಪ' ಎಂದು ಕರೆಯುತ್ತಿದ್ದ ಹಳೇ ಕಾಲದ ಮೋಟರಿನದು. ಮೂರು ಸಲ ಸುತ್ತಿ, ಮೂರು ಸಲವೂ ಹೊಗೆ ಎಬ್ಬಿಸಿ, ಕೊನೆಗೆ ಅದರ ಮುಂದೊಂದು ಪ್ರಶ್ನೆಯ ಗುರುತು ಹಾಕಿ ಸುಮ್ಮನಾಗಿದ್ದರು.

ಕೆ.ಆರ್. ಪೇಟೆಯಲ್ಲಿ ಇಂಥದೇ ಅಂಗಡಿ ಇಟ್ಟಿದ್ದ ಬಾಷಾ ಭಾಯ್ ಆಗಾಗ ಇಲ್ಲಿಗೆ ನೀರು ಕುಡಿಯಲು ಬರುತ್ತಿದ್ದರು. ಎರಡು ಬಸ್ಸು ಬದಲಿಸಿ, ನೀರು ಕುಡಿಯಲು! ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಜೇಬಿನ ಪುಸ್ತಕ, ಕಣ್ಣು ಗೋಡೆಯ ಮೇಲೆ. ಮಾವ ಕಂಡೂ ಕಾಣದವರಂತೆ ಬೆನ್ನು ತಿರುಗಿಸಿ ಕೂರುತ್ತಿದ್ದರು. ಉರಿದುಬೀಳುತ್ತಿದ್ದವರು ನಮ್ಮತ್ತೆ.

"ಇಂಗೆ ಊರ್ಗೆಲ್ಲ ಹಂಚ್ಬುಟ್ರೆ ನಮ್ ಅಂಗ್ಡೀಗ್ ಯಾರ್ ಬತ್ತಾರೆ?"

"ಬರ್ದಿಡ್ದಿದ್ರೆ ನಾನ್ ಸತ್ ಮ್ಯಾಕೆ ಮೋಟ್ರು ಯಾರ್ ಸುತ್ತಾರು? ನೀನಾ?"

ಇಂಥ ಮಾವ ತೊಂಬತ್ತರ ದಶಕದ ಕೊನೆಯಲ್ಲಿ ತಾಮ್ರದ ತಂತಿ ತರಲು ಬೆಂಗಳೂರಿಗೆ ಹೋದರು. ಅಲ್ಲೊಂದು ಕಾಲೇಜಿನ ಅಂಗಳದಲ್ಲಿ ಜನ ಸಾಲಾಗಿ ನಿಂತಿದ್ದರು. ಊಟವಿರಬೇಕೆಂದು ಇವರೂ ನಿಂತರು. ಒಳಗೆ ಹೋದರೆ ಲಿನಕ್ಸ್ ಸಭೆ! ಕಂಪ್ಯೂಟರಿನ ತಂತ್ರಾಂಶವನ್ನು ಬಚ್ಚಿಡದೆ ಬಿಚ್ಚಿ ತೋರಿಸುವವರ, ಯಾರು ಬೇಕಾದರೂ ತಿದ್ದಿ ಹಂಚಿಕೊಳ್ಳಿ ಎನ್ನುವವರ ಸಭೆ. ಸಂಜೆ ಮಾವ ವಾಪಸು ಬಂದಾಗ ತಂತಿ ಮರೆತಿದ್ದರು, ಕೈಯಲ್ಲೊಂದು ಸೀಡಿ ಇತ್ತು.

ಆಗ ಶ್ರೀರಂಗಪಟ್ಟಣದಲ್ಲಿ ಮೇಷ್ಟ್ರಾಗಿದ್ದ ನನ್ನನ್ನು ಹುಡುಕಿಕೊಂಡು ಬಂದರು. "ನಮ್ ಗೋಡೆನೇ ಕಣ್ಲಾ ಅದು! ಇಡೀ ಪರ್ಪಂಚುಕ್ಕೆ ಒಂದೇ ಗೋಡೆ ಮಾಡವ್ರೆ!"

ಅಂದಿನಿಂದ ಮಾವ ಒಂದು ಸಭೆಯನ್ನೂ ಬಿಡಲಿಲ್ಲ. ಪ್ರತಿ ಭಾಷಣಕಾರನಿಗೂ ಒಂದೊಂದು ಅಚ್ಚು ಬೆಲ್ಲ ಒಯ್ಯುತ್ತಿದ್ದರು. ಭಾಷಣ ಇಂಗ್ಲಿಷಿನಲ್ಲಿದ್ದರೆ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು. ಒಮ್ಮೆ ನಿದ್ದೆಯಿಂದೆದ್ದವರೇ ಕೈ ಎತ್ತಿ ಕೇಳಿದರು: "ಇಂಗೆಲ್ಲಾ ಬಿಚ್ಚಿ ಹಂಚ್ತೀರಲ್ಲ, ಮನೇಲಿ ಹೆಂಡ್ತೀರು ಬಯ್ಯಲ್ವಾ?" ಇಡೀ ಸಭಾಂಗಣ ಎದ್ದು ಚಪ್ಪಾಳೆ ತಟ್ಟಿತು!

ಆ ಚಪ್ಪಾಳೆ ತಲೆಗೇರಿತೋ ಏನೋ, ಮುಂದಿನ ಸಭೆ ನಮ್ಮ ತೊಣ್ಣೂರಿನಲ್ಲೇ ಎಂದು ಮಾತು ಕೊಟ್ಟುಬಿಟ್ಟರು.

"ಯಾರ್ ಬತ್ತಾರ್ ಮಾವ?" ಎಂದೆ.

"ಎಲ್ರೂ ಬತ್ತಾರೆ. ಒಬ್ನಿಗಾದ್ರೂ ತಿಳುದ್ರೆ ಸಾಕು ಕಣ್ಲಾ. ಹಂಚುದ್ರೆ ಕಮ್ಮಿಯಾಗಲ್ಲ ಅಂತ ಒಬ್ನಿಗ್ ತಿಳುದ್ರೆ ಸಾಕು." ಮಾವ ಎಂದಿನಂತೆ ನಗಲಿಲ್ಲ. ಇಪ್ಪತ್ತು ವರ್ಷ ಗೋಡೆಯ ಮೇಲೆ ಬರೆದರೂ ಯಾರೊಬ್ಬರೂ ಅಲ್ಲಿಗೆ ಒಂದಕ್ಷರ ಸೇರಿಸಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಜನರನ್ನು ಸೇರಿಸಲು ಅವರು ಹೂಡಿದ ಉಪಾಯ ನೋಡಿ. ಹದಿನೈದು ದಿನ ಒಂದು ಮೋಟರನ್ನೂ ವಾಪಸು ಕೊಡಲಿಲ್ಲ! ಯಾರು ಕೇಳಿದರೂ ಒಂದೇ ಉತ್ತರ: "ಭಾನುವಾರ ಅತ್ತು ಗಂಟೆಗ್ ಬಾ."

ಭಾನುವಾರ ಹತ್ತಕ್ಕೆ ಅಂಗಡಿಯ ಮುಂದಿನ ಚಪ್ಪರ ಕಿಕ್ಕಿರಿದಿತ್ತು; ಸುತ್ತಿ ಮುಗಿಸಿದ ಮೋಟರುಗಳು ಪಕ್ಕದಲ್ಲೇ ಸಾಲಾಗಿ ಕೂತಿದ್ದವು. ಬೆಂಗಳೂರಿನಿಂದ ಬಂದ ಮೂವರು ತರುಣರು ಪುಳಕಗೊಂಡರು. ಕರೆಂಟು ಬರುವುದು ಹನ್ನೊಂದಕ್ಕೆ. ಅಲ್ಲಿಯವರೆಗೆ ಕೈಬಾಯಿ ಆಡಿಸಿ ಭಾಷಣ ಮಾಡಿದರು. ಹನ್ನೊಂದಕ್ಕೆ ಸರಿಯಾಗಿ ಬಲ್ಬು ಹತ್ತಿತು, ಪರದೆಯ ಮೇಲೆ ಲಿನಕ್ಸಿನ ಗುರುತಾದ ಪೆಂಗ್ವಿನ್ ಹಕ್ಕಿ ಮೂಡಿತು, ಸಭೆ ಒಟ್ಟಿಗೇ ಎದ್ದು ನಿಂತಿತು. ಹಕ್ಕಿಗೆ ಗೌರವವೆಂದು ತರುಣರು ಭಾವಿಸಿದರು.

"ಕರೆಂಟ್ ಬಂತು ಕಣ್ರಲೋ! ಎತ್ರಲಾ ಮೋಟ್ರಾ!" ಎಂದು ರೈತನೊಬ್ಬ ಕೂಗಿದ.

ಐದೇ ನಿಮಿಷ. ಹೆಗಲ ಮೇಲೆ ಮೋಟರು ಹೊತ್ತು ಎಲ್ಲರೂ ಗದ್ದೆಗೆ ಓಡಿದರು. ಪೈರು ಒಣಗುತ್ತಿರುವಾಗ ಹಕ್ಕಿ ನೋಡುತ್ತಾ ಕೂರುವವರು ಯಾರು? ತಾಲ್ಲೂಕಿನ ಮೋಟರುಗಳಿಗೆಲ್ಲ ಜೀವ ಕೊಟ್ಟ ಮಾವ, ಕರೆಂಟು ಬಂದರೆ ಮೋಟರು ಓಡುತ್ತದೆ ಎಂಬುದನ್ನೇ ಮರೆತಿದ್ದರು! ನಾನು ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ಮಾವನ ಮುಖ ನೋಡಿದೆ, ನಗು ನಿಂತುಹೋಯಿತು.

ಹಿಂದಿನ ಬೆಂಚಿನಲ್ಲಿ ಒಬ್ಬರೇ ಒಬ್ಬರು ಉಳಿದಿದ್ದರು. ಬಾಷಾ ಭಾಯ್. ಅವರಿಗೆ ಗದ್ದೆಯೂ ಇಲ್ಲ, ಅಲ್ಲಿ ಮೋಟರೂ ಇರಲಿಲ್ಲ.

"ಸುರು ಮಾಡಿ ಸಾಬ್, ನಾನಿದೀನಲ್ಲ," ಎಂದರು. ಒಬ್ಬರಿಗಾಗಿ ಎರಡು ಗಂಟೆ ಸಭೆ ನಡೆಯಿತು. ಮುಗಿದ ಮೇಲೆ ಬಾಷಾ ಭಾಯ್ ಎದ್ದು, ಮೂಲೆಯಲ್ಲಿದ್ದ ನೀಲಿ ಬಣ್ಣದ ಡಬ್ಬಿ ತೆಗೆದರು. ಜೇಬಿನ ಪುಸ್ತಕ ಬಿಚ್ಚಿ, ಮೊದಲ ಬಾರಿಗೆ ಅದನ್ನು ಬಚ್ಚಿಡದೆ ಎಲ್ಲರೆದುರು ನೋಡಿಕೊಂಡು, 'ಮುದುಕಪ್ಪ'ನ ಖಾಲಿ ಸಾಲಿನಲ್ಲಿ ತಂತಿಯ ದಪ್ಪ, ಸುತ್ತಿನ ಲೆಕ್ಕ ಬರೆದರು.

"ಇದು ಹತ್ತು ವರ್ಸದಿಂದ ನಂಗೊತ್ತಿತ್ತು. ನಿಮ್ ಗೋಡೆಯಿಂದ ಕದ್ದೋನು ನಾನು. ಮಾಫ್ ಮಾಡಿ, ಭಾಯ್."

"ಕದಿಯೋದೆಂಗಾಯ್ತದಯ್ಯ? ನೀನ್ ಓದ್ಲಿ ಅಂತಲೇ ಅಲ್ವಾ ಬರ್ದಿದ್ದು," ಎಂದರು ಮಾವ. ಸದಾ ಉರಿಯುವ ನಮ್ಮತ್ತೆ ಒಳಗಿಂದ ಎರಡು ತಟ್ಟೆ ಊಟ ತಂದು, ಇಬ್ಬರ ಮುಂದೂ ಇಟ್ಟು, ಏನೂ ಬಯ್ಯದೆ ಹೋದರು.

ಮಾವ ಊಟ ಮಾಡಲಿಲ್ಲ. ಅಂಗಡಿಯ ಹಿಂದಕ್ಕೆ ಹೋಗಿ, ಗೋಡೆಗೆ ಹಣೆ ಒರಗಿಸಿ ನಿಂತು ಮಗುವಿನ ಹಾಗೆ ಅತ್ತರು. ನಾನು ಕಂಡೆ. ಹೊಟ್ಟೆಯಲ್ಲಿ ಒಂದು ಗುಟ್ಟೂ ನಿಲ್ಲದ ಮನುಷ್ಯ ಇದೊಂದನ್ನು ಮಾತ್ರ ಸಾಯುವವರೆಗೆ ಯಾರಿಗೂ ಹೇಳಲಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.