ಚೀಟಿಯವನ ಪಾತ್ರಕ್ಕೊಂದು ಮುಖ

ಎಲ್ಲ ಶುರುವಾದದ್ದು ಒಂದು ‘ಛೆ’ಯಿಂದ.

ಕಟ್ಟು ಹಲ್ಲು ತಯಾರಿಸುವ ಆ ಪುಟ್ಟ ಕಾರ್ಖಾನೆಯಲ್ಲಿ ಬೆಳಗಿನ ಪತ್ರಿಕೆಯನ್ನು ಗಟ್ಟಿಯಾಗಿ ಓದುವ ಹಕ್ಕು ಪ್ಲಾಸ್ಟರ್ ಮಾಮನದು. ದವಡೆಯ ಅಚ್ಚಿಗೆ ಪ್ಲಾಸ್ಟರ್ ಕಲಸುತ್ತಲೇ ಅವರು ಓದುವರು, ನಡುನಡುವೆ ಜೋಕು ಹಾರಿಸುವರು, ಉಳಿದವರು ಕೈಕೆಲಸ ಬಿಡದೆ ನಗುವರು. ಆ ದಿನ ಮಾಮ ಓದಿದರು: “ಕೇಳಿದ್ರೇನ್ರೋ! ಆ ದೋಣಿಕಟ್ಟೆ ಕಾದಂಬರಿ ಸಿನಿಮಾ ಆಗ್ತಿದೆಯಂತೆ. ದೋಣಿ ಹತ್ತೋರ ಚೀಟಿ ಹರಿಯೋನ ಪಾತ್ರಕ್ಕೆ ನಮ್ಮ ಫೈಟಿಂಗ್ ಹೀರೋ ಹೆಸರು ಕೇಳಿಬರ್ತಿದೆ!”

“ಛೆ!” ಎಂದಿತು ಮೂಲೆ.

ಮೂಲೆಯೆಂದರೆ ಪಾಲಿಶಣ್ಣ. ಸಿದ್ಧವಾದ ಹಲ್ಲಿನ ಸೆಟ್ಟುಗಳಿಗೆ ಹೊಳಪು ಕೊಡುವುದು ಅವನ ಕೆಲಸ. ದಿನವಿಡೀ ಸಾಲುಸಾಲು ಹಲ್ಲುಗಳು ಅವನೆದುರು ನಗುತ್ತಿದ್ದವು. ಅವನನ್ನು ನೋಡಿ ನಗುವವರು ಬೇರೆ ಯಾರೂ ಇರಲಿಲ್ಲ. ಹಾಗೆಂದು ಯಾರಿಗೂ ಅವನ ಮೇಲೆ ಕೋಪವಿರಲಿಲ್ಲ. ಗೋಡೆಯ ಮೊಳೆಯ ಮೇಲೆ ಯಾರಾದರೂ ಕೋಪಿಸಿಕೊಳ್ಳುತ್ತಾರೆಯೇ? ಮಧ್ಯಾಹ್ನ ಎಲ್ಲರೂ ದೊಡ್ಡ ಮೇಜಿನ ಸುತ್ತ ಊಟಕ್ಕೆ ಕೂತರೆ ಅವನು ಕಿಟಕಿಯ ಕಟ್ಟೆಯ ಮೇಲೆ ಡಬ್ಬಿ ಬಿಚ್ಚುತ್ತಿದ್ದ. ಯಾರಾದರೂ ಕರೆಯಲಿ ಎಂದು ಅವನಿಗೆ ಆಸೆ. ಕರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ.

“ಯಾರಪ್ಪಾ ಅದು? ಪಾಲಿಶಣ್ಣನಾ? ನಿಂಗೆ ಮಾತು ಬರುತ್ತಾ?” ಎಂದರು ಮಾಮ.

ಪಾಲಿಶಣ್ಣನ ಕಿವಿ ಕೆಂಪಾಯಿತು. ಆದರೆ ಆಡಿದ್ದನ್ನು ನುಂಗುವಂತಿಲ್ಲ. “ಆ ಹೀರೋ ಬೇಡ ಮಾಮ. ಚೀಟಿ ಹರಿಯೋಕೆ ಅಷ್ಟು ದಪ್ಪ ತೋಳು ಯಾಕೆ? ಅವರು ಹರಿದ್ರೆ ಚೀಟಿ ಜೊತೆ ಪ್ರಯಾಣಿಕರ ಕೈನೂ ಕಿತ್ಕೊಂಡು ಬರುತ್ತೆ.”

ಕಾರ್ಖಾನೆ ಗೊಳ್ಳೆಂದಿತು. ತನ್ನ ಮಾತಿಗೆ ಜನ ನಕ್ಕದ್ದನ್ನು ಪಾಲಿಶಣ್ಣ ಒಂದು ಕ್ಷಣ ನಂಬಲೇ ಇಲ್ಲ.

ಹಲ್ಲುಗಳನ್ನು ಮೇಣದಲ್ಲಿ ಜೋಡಿಸುವ ಮೇಣದಕ್ಕ ಕೇಳಿದಳು: “ನೀವು ಆ ಪುಸ್ತಕ ಓದಿದೀರಾ ಅಣ್ಣ? ನಂಗೆ ಅರ್ಧಕ್ಕೇ ನಿಂತೋಯ್ತು.”

“ಎಷ್ಟು ಸಲ ಓದಿದೀನೋ ಲೆಕ್ಕ ಇಲ್ಲಮ್ಮ. ಅವನು ಊರಿನ ಜನರನ್ನೆಲ್ಲ ದೋಣಿ ಹತ್ತಿಸ್ತಾನೆ. ಅವನಿಗೆ ಮಾತ್ರ ಯಾರೂ ‘ನೀನೂ ಬಾ’ ಅನ್ನಲ್ಲ. ಜನ ಬಂದಾಗ ಅವನ ಮುಖ ಅರಳುತ್ತೆ. ಅವರು ಹೋದ್ಮೇಲೆ, ಅರಳಿದ್ದನ್ನ ಏನು ಮಾಡ್ಬೇಕೋ ಅವನಿಗೆ ತಿಳಿಯಲ್ಲ. ಅಂಥ ಮುಖ ಬೇಕು.”

ಮಾತಿನ ಭರದಲ್ಲಿ ಅವನ ಕೈಯಲ್ಲಿದ್ದ ಸೆಟ್ಟು ತಿರುಗುವ ಚಕ್ರಕ್ಕೆ ಸಿಕ್ಕಿ, ಕಪ್ಪೆಯಂತೆ ನೆಗೆದು ಮಾಮನ ಪ್ಲಾಸ್ಟರ್ ಬಕೆಟ್ಟಿಗೆ ಬಿತ್ತು. ಹುಡುಕುವಷ್ಟರಲ್ಲಿ ಪ್ಲಾಸ್ಟರ್ ಗಟ್ಟಿಯಾಗಿ, ಎರಡು ಮುಂಬಲ್ಲು ಮಾತ್ರ ಮೇಲೆ ಇಣುಕುತ್ತಿದ್ದವು. ಬೇರೆ ದಿನವಾಗಿದ್ದರೆ ಬೈಗುಳ ಖಂಡಿತ. ಆ ದಿನ ಮೇಣದಕ್ಕ ತಾನೇ ಕೆತ್ತಿ ಅದನ್ನು ಬಿಡಿಸಿದಳು, ಮಾಲೀಕರು ಬರುವುದರೊಳಗೆ ತೊಳೆದು ಒರೆಸಿ ಅವನ ಮುಂದಿಟ್ಟಳು.

ಊಟದ ಹೊತ್ತಿಗೆ ಯಾರೋ ಅವನ ಸ್ಟೂಲನ್ನು ದೊಡ್ಡ ಮೇಜಿಗೆ ಎಳೆದುಹಾಕಿದ್ದರು. ಎಲ್ಲರೂ ಮುತ್ತಿಕೊಂಡರು. “ದೋಣಿಯವನ ಹೆಂಡತಿ ಪಾತ್ರಕ್ಕೆ ಯಾರು ಅಣ್ಣ? ಆ ದೊಡ್ಡ ಕಣ್ಣಿನ ಹೀರೋಯಿನ್?”

“ಬೇಡ. ಆಕೆ ಎಷ್ಟು ಅತ್ತರೂ ಕಾಡಿಗೆ ಕದಲಲ್ಲ.”

ಮತ್ತೆ ನಗು. ಮಾಮ ತಮ್ಮದೊಂದು ಜೋಕು ತೆಗೆದರು. “ಮಾಮ, ಒಂಚೂರು ಸುಮ್ನಿರಿ, ಅಣ್ಣ ಹೇಳ್ಲಿ,” ಎಂದರು ಎಲ್ಲರೂ. ಮಾಮ ಜೋಕು ನುಂಗಿಕೊಂಡರು.

ಅಷ್ಟರಲ್ಲಿ ವ್ಯಾನ್ ಓಡಿಸುವವನು ಪತ್ರಿಕೆಯ ಅಡಿಯಲ್ಲಿದ್ದ ಸಾಲುಗಳನ್ನು ಓದಿದ: ನಿರ್ದೇಶಕಿಗೆ ಹೊಸ ಮುಖವೇ ಬೇಕಂತೆ, ಇಂದು ಸಂಜೆಯವರೆಗೆ ನಾಟಕದ ಹಾಲಿಗೆ ಯಾರು ಬೇಕಾದರೂ ಬರಬಹುದಂತೆ.

“ಅಣ್ಣ, ನೀವೇ ಹೋಗಿ!” ಎಂದಳು ಮೇಣದಕ್ಕ. “ನೀವೇ! ನೀವೇ!” ಎಂದಿತು ಮೇಜು.

ಪಾಲಿಶಣ್ಣನಿಗೆ ಪಾತ್ರ ಬೇಕಿರಲಿಲ್ಲ. ಬೇಡ ಎಂದರೆ ಸ್ಟೂಲು ಮತ್ತೆ ಮೂಲೆಗೆ ಹೋದೀತೆಂಬ ಭಯ. “ಆಯ್ತು,” ಎಂದ.

ಮಾಲೀಕರು ಬೈಯಲು ಬಂದವರು ವಿಷಯ ಕೇಳಿ ಕಾರ್ಖಾನೆಗೇ ಬೀಗ ಹಾಕಿಸಿದರು. ಒಬ್ಬರು ತಲೆ ಬಾಚಿದರು, ಒಬ್ಬರು ಕಾಲರು ಸರಿಪಡಿಸಿದರು, ವ್ಯಾನಿನವನು ತನ್ನ ಕೋಟು ತೊಡಿಸಿದ. ಅದು ಅವನ ಮೈಮೇಲೆ ಗೋಣಿಚೀಲದಂತೆ ಜೋತಾಡಿತು. ಎಲ್ಲರೂ ವ್ಯಾನಿನಲ್ಲಿ ಉಪ್ಪಿನಕಾಯಿ ಜಾಡಿಯ ಹೋಳುಗಳಂತೆ ತುಂಬಿಕೊಂಡು, ಮೆರವಣಿಗೆಯ ಹಾಗೆ ಹಾಲಿಗೆ ನುಗ್ಗಿದರು.

ನಿರ್ದೇಶಕಿ ಬೆಳಗಿನಿಂದ ಮುಖ ನೋಡಿ ನೋಡಿ ದಣಿದಿದ್ದರು. “ಕೂತ್ಕೊಳಿ ಸಾರ್. ಕೊನೇ ದೋಣಿ ಹೋಯ್ತು. ದಡದಲ್ಲಿ ನೀವೊಬ್ರೇ. ನೀರಿನ ಕಡೆ ನೋಡಿ.”

ಪಾಲಿಶಣ್ಣ ನೋಡಿದ. “ಬಿಡಬೇಡಿ ಅಣ್ಣ!” “ನಮ್ಮಣ್ಣ ಅಂದ್ರೆ ಸುಮ್ನೇನಾ!” ಎಂದು ಹಿಂದಿನಿಂದ ಕೂಗು. ‘ನಮ್ಮಣ್ಣ’! ಅವನ ಮುಖದಲ್ಲಿ ನಗು ಉಕ್ಕಿತು. ತುಟಿ ಬಿಗಿದರೆ ಕಣ್ಣಲ್ಲಿ ಬಂತು. ಕಣ್ಣು ಕಿರಿದು ಮಾಡಿದರೆ ಕೆನ್ನೆಯಲ್ಲಿ ಬಂತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವ ದಿಂಬಿನಂತಾಯಿತು ಅವನ ಪಾಡು.

“ಬೇಜಾರು ಮಾಡ್ಕೋಬೇಡಿ,” ಎಂದರು ನಿರ್ದೇಶಕಿ. “ಪಾರ್ಟು ಕೇಳೋಕೆ ವ್ಯಾನ್ ತುಂಬ ಜನ ಕರ್ಕೊಂಡು ಬರ್ತೀರಿ. ಒಂಟಿತನ ಅಂದ್ರೆ ಏನೂಂತ ನಿಮಗೆ ಗೊತ್ತೇ ಇಲ್ಲ.”

“ಅಣ್ಣ ಆ ಪುಸ್ತಕ ಅರೆದು ಕುಡಿದಿದಾರೆ ಮೇಡಂ!” ಎಂದು ಮೇಣದಕ್ಕ ಬಿಡಲಿಲ್ಲ. “ಯಾರು ಸರಿಹೋಗ್ತಾರೆ ಅಂತ ಅವರನ್ನೇ ಕೇಳಿ!”

“ಸರಿ, ಹೇಳಿ. ಎಂಥ ಮುಖ ಬೇಕು?”

ಪಾಲಿಶಣ್ಣ ತಿರುಗಿ ನೋಡಿದ. ಗುಂಪಿನಿಂದ ದೂರ, ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಪ್ಲಾಸ್ಟರ್ ಮಾಮ ಕೂತಿದ್ದರು. ಮಧ್ಯಾಹ್ನದಿಂದ ಅವರ ಮಾತಿಗೆ ಕಿವಿಗೊಟ್ಟವರಿಲ್ಲ. ಯಾರಾದರೂ ತಮ್ಮ ಕಡೆ ತಿರುಗಿದರೆ ಮಾಮ ಬಾಯಿ ತೆರೆಯುವರು. ಅವರು ಅತ್ತ ತಿರುಗಿದರೆ ಮುಚ್ಚಿಕೊಳ್ಳುವರು. ಅರಳಿದ ಮುಖವನ್ನು ಏನು ಮಾಡಬೇಕೋ ಪಾಪ, ಅವರಿಗೆ ತಿಳಿಯುತ್ತಿರಲಿಲ್ಲ.

ಹೇಳಿದರೆ ಏನಾಗುವುದೆಂದು ಪಾಲಿಶಣ್ಣನಿಗೆ ಗೊತ್ತಿತ್ತು. ತನ್ನ ಸುತ್ತ ನಿಂತವರನ್ನೆಲ್ಲ ಒಮ್ಮೆ ಕಣ್ತುಂಬ ನೋಡಿಕೊಂಡ. ಆದರೆ ಆ ಪುಸ್ತಕದ ವಿಷಯದಲ್ಲಿ ಅವನಿಗೆ ಸುಳ್ಳು ಹೇಳಲು ಬಾರದು.

“ಅಗೋ, ಅವರು,” ಎಂದ.

ನಿರ್ದೇಶಕಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಅಲುಗಾಡ್ಬೇಡಿ ಸಾರ್! ಹಾಗೇ ಇರಿ!” ಎಂದು ಕ್ಯಾಮೆರಾ ತಿರುಗಿಸಿದರು. ಒಂದೇ ನೋಟಕ್ಕೆ ಪಾತ್ರ ಮಾಮನದಾಯಿತು.

“ನಮ್ಮ ಮಾಮ ಹೀರೋ!” ಎಂದು ಗುಂಪೆಲ್ಲ ಅತ್ತ ಹರಿಯಿತು. ಮಾಮ ಪಾಲಿಶಣ್ಣನ ಕೈ ಹಿಡಿದು, “ನಿನ್ನಿಂದ ಕಣಯ್ಯಾ,” ಎಂದು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಜನ ಅವರನ್ನು ಎಳೆದೊಯ್ದರು. ಮಧ್ಯಾಹ್ನ ನುಂಗಿದ್ದ ಜೋಕನ್ನು ಅವರು ಬಾಗಿಲಲ್ಲೇ ಹೇಳಿ ಮುಗಿಸಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಪಾಲಿಶಣ್ಣ ಮುಖ ತೊಳೆದುಕೊಂಡು ಹೊರಗೆ ಬರುವಷ್ಟರಲ್ಲಿ ವ್ಯಾನ್ ಹೊರಟುಹೋಗಿತ್ತು. ಮುಂದಿದ್ದವರು ಅವನು ಹಿಂದಿದ್ದಾನೆಂದು ತಿಳಿದರು, ಹಿಂದಿದ್ದವರು ಮುಂದಿದ್ದಾನೆಂದು.

ಗೇಟು ಮುಚ್ಚುತ್ತಿದ್ದ ಕಾವಲುಗಾರ ಅವನನ್ನು ಕಂಡು ತನ್ನ ಕುರ್ಚಿಯನ್ನೇ ಈಚೆ ಸರಿಸಿದ. “ಬಸ್ಸು ಬರೋವರೆಗೆ ಕೂತ್ಕೊಳಿ ಸಾರ್. ಪಾರ್ಟು ಕೇಳೋಕೆ ಬಂದ್ರಾ? ಅಯ್ಯೋ, ಈಗಷ್ಟೇ ಯಾರನ್ನೋ ಆರಿಸಿಬಿಟ್ರಲ್ಲ! ನಾನೂ ಓದಿದೀನಿ ಆ ಪುಸ್ತಕ. ಚೀಟಿ ಹರಿಯೋನ ಮುಖ ನಿಮ್ಮದೇ. ಸ್ವಲ್ಪ ಮುಂಚೆ ಬರಬಾರದಾಗಿತ್ತಾ?”

“ಬಂದಿದ್ದೆ.”

“ಹೌದಾ? ಈ ಮುಖ ನಾನು ನೋಡ್ಲೇ ಇಲ್ವಲ್ಲ!”

“ಆಗ ನನ್ನ ಜೊತೆ ಜನ ಇದ್ರು,” ಎಂದ ಪಾಲಿಶಣ್ಣ.